ದಿವಾಳಿ ಒಬ್ಬರದು, ಸಹಿ ಇಬ್ಬರದು: ಜಂಟಿ ಸಾಲವಿದ್ದವರು ಮತ್ತು ಜಾಮೀನು ನಿಂತವರು ಏನು ಮಾಡಬೇಕು

ಕೋಲಾರ, ಚಿಕ್ಕಬಳ್ಳಾಪುರದ ಗಡಿ ಭಾಗದಲ್ಲಿ ಸಾಲದಲ್ಲಿ ಮುಳುಗಿದವರ ಸುದ್ದಿ ಬಂದಾಗ ‘ಐಪಿ (ದಿವಾಳಿ ಅರ್ಜಿ) ಹಾಕಿಬಿಟ್ಟರಂತೆ’ ಎಂಬ ಮಾತು ಕೇಳಿಬರುತ್ತದೆ. ಬೇರೆ ಕಡೆ ಇದನ್ನೇ ‘ಪಾಪರ್ ಆದರು’ ಎನ್ನುತ್ತಾರೆ. ಎರಡೂ ಮಾತುಗಳ ಹಿಂದೆ ಇರುವ ನಂಬಿಕೆ ಒಂದೇ: ನ್ಯಾಯಾಲಯಕ್ಕೆ ದಿವಾಳಿ ಅರ್ಜಿ ಹಾಕಿದರೆ ಸಾಲದ ಕಥೆ ಅಲ್ಲಿಗೆ ಮುಗಿಯಿತು ಎಂಬುದು. ಸಾಲ ಮಾಡಿದವರ ಮಟ್ಟಿಗೆ ಇದು ಅರ್ಧ ನಿಜವಿರಬಹುದು. ಅವರ ಪಕ್ಕದಲ್ಲಿ ಸಹಿ ಹಾಕಿದವರ ಮಟ್ಟಿಗೆ ಇದು ಪೂರ್ತಿ ಸುಳ್ಳು. ನಮ್ಮ ಜಿಲ್ಲೆಗಳಿಗೆ ಅನ್ವಯಿಸುವ 1920ರ ಪ್ರಾಂತೀಯ ದಿವಾಳಿ ಕಾಯ್ದೆಯ 44ನೇ ಕಲಮಿನ 3ನೇ ಉಪಕಲಮು ಇದನ್ನು ನೇರವಾಗಿಯೇ ಹೇಳುತ್ತದೆ: ದಿವಾಳಿಯಾದವರಿಗೆ ಸಿಗುವ ಋಣಮುಕ್ತಿ ಆದೇಶದಿಂದ ಅವರ ಪಾಲುದಾರರಾಗಲಿ, ಅವರೊಂದಿಗೆ ಜಂಟಿಯಾಗಿ ಕರಾರು ಮಾಡಿಕೊಂಡವರಾಗಲಿ, ಅವರಿಗೆ ಜಾಮೀನು ನಿಂತವರಾಗಲಿ ಬಿಡುಗಡೆಯಾಗುವುದಿಲ್ಲ.

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ, ಮಗಳ ಮದುವೆಯ ಊಟಕ್ಕೆ ಕರೆದಷ್ಟೇ ಸಲೀಸಾಗಿ ನೆಂಟರನ್ನು ಜಾಮೀನಿಗೆ ಕರೆತರುವುದನ್ನು ನಾನು ನೋಡಿದ್ದೇನೆ. ಸಹಿ ಹಾಕುವಾಗ ‘ಇದು ನೆಪಮಾತ್ರಕ್ಕೆ’ ಎಂದು ಅವರಿಗೆ ಹೇಳಲಾಗುತ್ತದೆ. ಐದಾರು ವರ್ಷಗಳ ನಂತರ ನೋಟೀಸು ಕೈಯಲ್ಲಿ ಹಿಡಿದು ಅದೇ ಮೇಜಿನ ಮುಂದೆ ಬಂದು ನಿಂತಾಗ ಅವರ ಮುಖ ನೋಡುವುದು ಕಷ್ಟ. ದಿವಾಳಿಯ ಯೋಚನೆಯಲ್ಲಿರುವವರು, ಅವರ ಮನೆಯವರು ಮತ್ತು ಅವರಿಗಾಗಿ ಸಹಿ ಹಾಕಿದವರು ಯಾವ ಹೊತ್ತಿನಲ್ಲಿ ಯಾವ ಹೆಜ್ಜೆ ಇಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು, ಯಾವ ಕಾನೂನು

2016ರ ದಿವಾಳಿತನ ಸಂಹಿತೆಯ ಹೆಸರನ್ನು ಎಲ್ಲರೂ ಕೇಳಿದ್ದಾರೆ. ವ್ಯಕ್ತಿಗಳ ದಿವಾಳಿಗೆ ಸಂಬಂಧಿಸಿದ ಅದರ ಮೂರನೇ ಭಾಗವನ್ನು 2019ರ ಡಿಸೆಂಬರ್ 1ರಿಂದ ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನೀಡಿದವರ ಮಟ್ಟಿಗೆ ಮಾತ್ರ ಜಾರಿಗೆ ತರಲಾಗಿದೆ. ರೈತ, ಅಂಗಡಿಯವರು, ಶಿಕ್ಷಕರು, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲರ್ ಮೊದಲಾದ ಸಾಮಾನ್ಯ ಜನರಿಗೆ ಹಳೆಯ 1920ರ ಕಾಯ್ದೆಯೇ ಇನ್ನೂ ನಡೆಯುತ್ತಿದೆ. ಆ ಕಾಯ್ದೆಯ ಪ್ರಕಾರ, ಸಾಲಗಾರರು ವಾಸವಿರುವ ಅಥವಾ ವ್ಯವಹಾರ ನಡೆಸುವ ಸ್ಥಳದ ಮೇಲೆ ಅಧಿಕಾರವಿರುವ ಜಿಲ್ಲಾ ನ್ಯಾಯಾಲಯದಲ್ಲಿ, ಇಲ್ಲವೇ ಆ ಅಧಿಕಾರವನ್ನು ಪಡೆದಿರುವ ಕೆಳಗಿನ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಬೇಕು. ಕಾಯ್ದೆ ಎಷ್ಟು ಹಳೆಯದೆಂದರೆ, ಅರ್ಜಿಗೆ ಬೇಕಾದ ಸಾಲದ ಕನಿಷ್ಠ ಮೊತ್ತ ಇಂದಿಗೂ 500 ರೂಪಾಯಿಯೇ ಆಗಿದೆ.

ಮುಂದಿನ ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಶಿಡ್ಲಘಟ್ಟದಲ್ಲಿ ಒಬ್ಬ ರೀಲರ್ ಇದ್ದಾರೆ. ಗೂಡು ಖರೀದಿಸಲು ಬ್ಯಾಂಕಿನಿಂದ ತೆಗೆದ ಸಾಲ ಬಡ್ಡಿ ಸೇರಿ 9 ಲಕ್ಷ ರೂಪಾಯಿಗೆ ಬಂದು ನಿಂತಿದೆ. ಅದಕ್ಕೆ ಅವರ ಅಕ್ಕನ ಗಂಡ, ಪ್ರೌಢಶಾಲೆಯ ಶಿಕ್ಷಕರು, ಮತ್ತು ಗೂಡಿನ ಮಾರುಕಟ್ಟೆಯ ಒಬ್ಬ ಸ್ನೇಹಿತರು ಜಾಮೀನು ನಿಂತಿದ್ದಾರೆ. ಮನೆ ಸಾಲದಲ್ಲಿ ಹೆಂಡತಿ ಸಹಸಾಲಗಾರರು. ಇದರ ಜೊತೆಗೆ ಒಂದು ಸಹಕಾರ ಸಂಘದ ಸಾಲ, ಎತ್ತಿಕೊಂಡ ಚೀಟಿಯ ಉಳಿದ ಕಂತುಗಳು ಮತ್ತು ಒಂದಿಷ್ಟು ಕೈಸಾಲ ಇವೆ.

ಯಾರು ಏನೆಂದು ಸಹಿ ಹಾಕಿದ್ದಾರೆ ಎಂದು ತಿಳಿಯಿರಿ

ವಕೀಲರ ಬಳಿ ಹೋಗುವ ಮುಂಚೆಯೇ ಮಾಡಬಹುದಾದ ಮತ್ತು ಮಾಡಲೇಬೇಕಾದ ಕೆಲಸವಿದು. ಪ್ರತಿ ಸಾಲದ ಕರಾರು ಪತ್ರದ ನಕಲನ್ನು ಸಾಲ ಕೊಟ್ಟವರಿಂದ ಲಿಖಿತವಾಗಿ ಕೇಳಿ ಪಡೆಯಿರಿ, ಅಸಲು, ಬಡ್ಡಿ ಮತ್ತು ಇತರ ಖರ್ಚುಗಳನ್ನು ಬೇರೆ ಬೇರೆಯಾಗಿ ತೋರಿಸುವ ಲೆಕ್ಕದ ವಿವರವನ್ನೂ ತೆಗೆದುಕೊಳ್ಳಿ. ಆಮೇಲೆ ಪ್ರತಿಯೊಂದು ಸಹಿಯ ಕೆಳಗೆ ಏನೆಂದು ಬರೆದಿದೆ ಎಂಬುದನ್ನು ನೋಡಿ. ಸಹಸಾಲಗಾರ ಎಂದಿದ್ದರೆ ಆ ವ್ಯಕ್ತಿ ಮೊದಲ ದಿನದಿಂದಲೇ ಪೂರ್ತಿ ಸಾಲಕ್ಕೆ ಬಾಧ್ಯರು; ಹಣದಲ್ಲಿ ಒಂದು ರೂಪಾಯಿಯನ್ನೂ ಮುಟ್ಟದಿದ್ದರೂ ಅದರಲ್ಲಿ ವ್ಯತ್ಯಾಸವಿಲ್ಲ. ಜಾಮೀನುದಾರ ಎಂದಿದ್ದರೆ ಸಾಲಗಾರರು ತಪ್ಪಿದಾಗ ಹೊಣೆ ಬರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಪತ್ರದಲ್ಲಿ ಮಿತಿ ಹಾಕಿಲ್ಲದಿದ್ದರೆ, ಆ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಕೆಲವರು ತಮ್ಮ ಆಸ್ತಿಯನ್ನು ಇನ್ನೊಬ್ಬರ ಸಾಲಕ್ಕೆ ಅಡಮಾನ ಮಾಡಿರುತ್ತಾರೆ, ವೈಯಕ್ತಿಕ ಜಾಮೀನು ಪತ್ರಕ್ಕೆ ಸಹಿ ಹಾಕಿರುವುದಿಲ್ಲ. ಅಂಥವರ ಹೊಣೆ ಆ ಆಸ್ತಿಗೆ ಸೀಮಿತ. ಇನ್ನು ಬರೀ ಸಾಕ್ಷಿ ಎಂದು ಸಹಿ ಹಾಕಿದವರಿಗೆ ಸಾಲ ತೀರಿಸುವ ಹೊಣೆಯೇ ಇಲ್ಲ. ಪ್ರೋನೋಟಿನ ಸಾಕ್ಷಿಗಳನ್ನು ಹೆದರಿಸಿ ಹಣ ಕೇಳುವವರಿದ್ದಾರೆ, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಜಾಮೀನು ಪತ್ರವನ್ನು ಓದುವಾಗ ಎರಡು ಸಂಗತಿಗಳನ್ನು ಹುಡುಕಬೇಕು. ಹೊಣೆಗೆ ಮೊತ್ತದ ಮಿತಿ ಇದೆಯೇ ಎಂಬುದು ಒಂದು. ಅದು ಒಂದೇ ಸಾಲಕ್ಕೆ ಕೊಟ್ಟದ್ದೇ, ಅಥವಾ ವರ್ಷ ವರ್ಷವೂ ನವೀಕರಣಗೊಳ್ಳುವ ಓವರ್‌ಡ್ರಾಫ್ಟ್‌ನಂಥ ಖಾತೆಗೆ ಕೊಟ್ಟ ಮುಂದುವರಿಯುವ ಜಾಮೀನೇ ಎಂಬುದು ಇನ್ನೊಂದು. ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟೀಸು ಕೊಟ್ಟು ಹಿಂದಕ್ಕೆ ಪಡೆಯಲು ಅದೇ ಕಾಯ್ದೆಯ 130ನೇ ಕಲಮು ಅವಕಾಶ ಕೊಡುತ್ತದೆ. ಅಲ್ಲಿಯವರೆಗೆ ಬೆಳೆದ ಬಾಕಿಯಿಂದ ಇದು ಬಿಡಿಸುವುದಿಲ್ಲ, ಆದರೆ ನಾಳೆ ಬೆಳೆಯುವ ಬಾಕಿಯನ್ನು ತಡೆಯುತ್ತದೆ. ನಮ್ಮ ರೀಲರ್ ಸೋಲುತ್ತಿದ್ದಾರೆಂದು ಶಿಕ್ಷಕರಿಗೆ ಆರು ತಿಂಗಳು ಮೊದಲೇ ತಿಳಿದಿದ್ದರೆ ಈ ಒಂದು ಪತ್ರ ಅವರಿಗೆ ದೊಡ್ಡ ಮೊತ್ತವನ್ನು ಉಳಿಸುತ್ತಿತ್ತು. ಬ್ಯಾಂಕಿನ ಮುದ್ರಿತ ನಮೂನೆಗಳಲ್ಲಿ ಇಂಥ ಹಕ್ಕುಗಳನ್ನು ಜಾಮೀನುದಾರರು ಬಿಟ್ಟುಕೊಡುವ ಷರತ್ತುಗಳೂ ಇರುತ್ತವೆಯಾದ್ದರಿಂದ ಪತ್ರವನ್ನು ಓದದೆ ಯಾವ ತೀರ್ಮಾನಕ್ಕೂ ಬರಬೇಡಿ.

ದಿವಾಳಿ ಆದೇಶವಾದಾಗ ಏನಾಗುತ್ತದೆ

ನ್ಯಾಯಾಲಯ ಒಬ್ಬರನ್ನು ದಿವಾಳಿ ಎಂದು ಘೋಷಿಸಿದೊಡನೆ, 1920ರ ಕಾಯ್ದೆಯ 28ನೇ ಕಲಮಿನಂತೆ ಅವರ ಆಸ್ತಿ ನ್ಯಾಯಾಲಯದ ಅಥವಾ ಆಸ್ತಿಯನ್ನು ನೋಡಿಕೊಳ್ಳಲು ಅದು ನೇಮಿಸುವ ರಿಸೀವರ್ ಅವರ ವಶಕ್ಕೆ ಹೋಗುತ್ತದೆ. ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿಯಿಲ್ಲದೆ ಅವರ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆ ಬೇಕಿದ್ದರೆ 31ನೇ ಕಲಮಿನ ಅಡಿಯಲ್ಲಿ ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ಆದರೆ ಅಡಮಾನ ಹಿಡಿದುಕೊಂಡಿರುವ ಬ್ಯಾಂಕಿಗೆ ತನ್ನ ಅಡಮಾನದ ಆಸ್ತಿಯನ್ನು ಮಾರಿಕೊಳ್ಳುವ ಹಕ್ಕು ಹಾಗೆಯೇ ಉಳಿಯುತ್ತದೆ. ಜಾಮೀನುದಾರರ ಮೇಲೆ ದಾವೆ ಹೂಡಲು ಬ್ಯಾಂಕಿಗೆ ಯಾರ ಅನುಮತಿಯೂ ಬೇಕಿಲ್ಲ. ಸಾಲಗಾರರ ಸುತ್ತ ಏಳುವ ಈ ಗೋಡೆ ಅವರೊಬ್ಬರಿಗೆ ಮಾತ್ರ, ಹೊರಗೆ ನಿಂತವರ ಮೇಲೆ ಒತ್ತಡ ಇನ್ನೂ ಹೆಚ್ಚುತ್ತದೆ.

ದಿವಾಳಿಯಾದವರಿಂದ ಎಲ್ಲವನ್ನೂ ಕಿತ್ತುಕೊಳ್ಳುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿಗೆ ಒಳಪಡದವೆಂದು ಹೇಳಿರುವ ವಸ್ತುಗಳು ಇಲ್ಲಿಯೂ ಹೊರಗುಳಿಯುತ್ತವೆ: ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ರೈತನ ಉಳುಮೆಯ ಸಾಧನ ಮತ್ತು ದನಕರು, ರೈತ ತಾನೇ ವಾಸಿಸುವ ಮನೆ, ಭವಿಷ್ಯ ನಿಧಿಯ ಹಣ. ಈ ಪಟ್ಟಿಯನ್ನು ವಕೀಲರೊಂದಿಗೆ ಕೂತು ನಿಮ್ಮ ಮನೆಯ ವಸ್ತುಗಳಿಗೆ ಹೊಂದಿಸಿ ನೋಡಿ.

ಘೋಷಣೆಯಾದ ಮೇಲೆ ಸುಮ್ಮನೆ ಕೂರುವಂತಿಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಋಣಮುಕ್ತಿಗಾಗಿ ಯಾವ ಅವಧಿಯೊಳಗೆ ಅರ್ಜಿ ಹಾಕಬೇಕೆಂದು ನ್ಯಾಯಾಲಯ ಆದೇಶದಲ್ಲಿಯೇ ಹೇಳಿರುತ್ತದೆ. ಆ ಅವಧಿ ಮೀರಿದರೆ ಘೋಷಣೆಯೇ ರದ್ದಾಗುತ್ತದೆ, ಸಾಲ ಕೊಟ್ಟವರು ಮತ್ತೆ ಬಾಗಿಲಿಗೆ ಬರುತ್ತಾರೆ. ಆಸ್ತಿಯ ಮೌಲ್ಯ ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ, ಅದಕ್ಕೆ ತನ್ನ ತಪ್ಪು ಕಾರಣವಲ್ಲವೆಂದು ಸಾಲಗಾರರು ತೋರಿಸಿಕೊಡಬೇಕಾಗುತ್ತದೆ. ಋಣಮುಕ್ತಿ ಸಿಕ್ಕಮೇಲೂ ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ ಮತ್ತು ಹೆಂಡತಿ ಮಕ್ಕಳ ಜೀವನಾಂಶ ಉಳಿದೇ ಇರುತ್ತವೆ.

ಜಾಮೀನುದಾರರ ಮುಂದಿನ ದಾರಿ

ಶಿಕ್ಷಕರಿಗೆ ನೋಟೀಸು ಬಂದಿದೆ ಎಂದುಕೊಳ್ಳಿ. ಅವರ ಮೊದಲ ಮಾತು ಸಾಮಾನ್ಯವಾಗಿ ‘ಮೊದಲು ಅವನ ಆಸ್ತಿ ಮಾರಿಕೊಳ್ಳಲಿ, ಸಾಲದಿದ್ದರೆ ಆಮೇಲೆ ನನ್ನ ಹತ್ತಿರ ಬರಲಿ’ ಎಂಬುದಾಗಿರುತ್ತದೆ. ಈ ವಾದ ನಿಲ್ಲುವುದಿಲ್ಲ. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ನಡುವಿನ 1969ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾಲಗಾರರ ವಿರುದ್ಧದ ದಾರಿಗಳನ್ನೆಲ್ಲ ಮುಗಿಸಿಯೇ ಜಾಮೀನುದಾರರ ಬಳಿ ಬರಬೇಕೆಂಬ ನಿಯಮವಿಲ್ಲ ಎಂದು ಸ್ಪಷ್ಟಪಡಿಸಿದೆ. ಇಬ್ಬರು ಜಾಮೀನುದಾರರಿದ್ದರೂ 9 ಲಕ್ಷವನ್ನು ಪೂರ್ತಿಯಾಗಿ ಶಿಕ್ಷಕರೊಬ್ಬರಿಂದಲೇ ಕೇಳಬಹುದು. ಸಂಬಳದವರೇ ಮೊದಲು ಸಿಕ್ಕಿಬೀಳುವುದು ಇದೇ ಕಾರಣಕ್ಕೆ.

ಸಂಬಳಕ್ಕೆ ಒಂದು ರಕ್ಷಣೆಯಿದೆ, ಅದರ ಲೆಕ್ಕವನ್ನು ತಿಳಿದುಕೊಳ್ಳಬೇಕು. ಹಣದ ಡಿಕ್ರಿಗೆ, ಅಂದರೆ ಹಣ ಕಟ್ಟಬೇಕೆಂಬ ನ್ಯಾಯಾಲಯದ ತೀರ್ಪಿಗೆ, ಸಂಬಳ ಜಪ್ತಿಯಾಗುವಾಗ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಲೆಕ್ಕಕ್ಕೆ ಬರುವ ಸಂಬಳ 46,000 ರೂಪಾಯಿ ಇದ್ದರೆ, 45,000ದ ಮೂರನೇ ಒಂದು ಭಾಗ, ಅಂದರೆ ತಿಂಗಳಿಗೆ 15,000 ರೂಪಾಯಿಯನ್ನು ಮಾತ್ರ ಹಿಡಿಯಬಹುದು. ಒಂದೇ ಡಿಕ್ರಿಗಾಗಿ 24 ತಿಂಗಳು ಹೀಗೆ ಹಿಡಿದ ಮೇಲೆ ಆ ಡಿಕ್ರಿಯ ಮಟ್ಟಿಗೆ ಸಂಬಳಕ್ಕೆ ಶಾಶ್ವತ ವಿನಾಯಿತಿ ದೊರೆಯುತ್ತದೆ. ಒಟ್ಟು 3,60,000 ರೂಪಾಯಿ ಹೋಗಿರುತ್ತದೆ, ಉಳಿದದ್ದಕ್ಕೆ ಬ್ಯಾಂಕು ಅವರ ಬೇರೆ ಆಸ್ತಿಯನ್ನು ಹುಡುಕಬೇಕು. ಡಿಕ್ರಿಯನ್ನು ಅಮಲ್ಜಾರಿ ಮಾಡಿಸಲು 12 ವರ್ಷಗಳ ಕಾಲಾವಕಾಶವಿರುವುದರಿಂದ ಆ ಹುಡುಕಾಟ ಬೇಗ ನಿಲ್ಲುವುದಿಲ್ಲ. ಸಹಕಾರ ಸಂಘದ ಸಾಲದ ದಾರಿಯೇ ಬೇರೆ. ಸಂಬಳದಿಂದ ಕಡಿತ ಮಾಡಿಕೊಳ್ಳಲು ಸದಸ್ಯರು ಮೊದಲೇ ಒಪ್ಪಿಗೆ ಬರೆದುಕೊಟ್ಟಿರುತ್ತಾರೆ, ತಕರಾರು ಸಿವಿಲ್ ನ್ಯಾಯಾಲಯದ ಬದಲು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನ ಅಡಿಯಲ್ಲಿ ಸಹಕಾರ ಇಲಾಖೆಯ ಮುಂದೆ ಹೋಗುತ್ತದೆ. ನನ್ನ ತಂದೆಯವರು ಸಹೋದ್ಯೋಗಿಯೊಬ್ಬರಿಗೆ ಹೀಗೆ ಸಹಿ ಹಾಕಿದ್ದರು. ತಿಂಗಳ ಸಂಬಳದ ಚೀಟಿಯಲ್ಲಿ ಕಡಿತದ ಸಾಲೊಂದು ಕಾಣಿಸಿಕೊಂಡ ದಿನವೇ ನಮ್ಮ ಮನೆಗೆ ಆ ಜಾಮೀನಿನ ವಿಷಯ ತಿಳಿದದ್ದು.

ಮನೆ ಅಥವಾ ನಿವೇಶನವನ್ನು ಜಾಮೀನಿನ ಜೊತೆಗೆ ಅಡಮಾನವಾಗಿಯೂ ಕೊಟ್ಟಿದ್ದರೆ ಅಡಮಾನದ ಆಸ್ತಿಯನ್ನು ದಾವೆಯಿಲ್ಲದೆ ಸ್ವಾಧೀನಪಡಿಸಿಕೊಂಡು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಬರುತ್ತದೆ. ಆ ಕಾಯ್ದೆಯಲ್ಲಿ ಸಾಲಗಾರ ಎಂಬ ಪದದೊಳಗೆ ಜಾಮೀನುದಾರರೂ ಸೇರುತ್ತಾರೆ. ಬ್ಯಾಂಕು 60 ದಿನಗಳ ನೋಟೀಸು ಕೊಡಬೇಕು, ಅದಕ್ಕೆ ನೀವು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಸ್ವಾಧೀನದ ಕ್ರಮ ಕೈಗೊಂಡರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ತೋಟ, ಹೊಲವನ್ನು ಭದ್ರತೆಯಾಗಿ ಕೊಟ್ಟವರು ನೋಟೀಸು ಬಂದಾಗ ಮೊದಲು ಇದನ್ನೇ ಪರಿಶೀಲಿಸಬೇಕು.

ಈಗ ಜಾಮೀನುದಾರರ ಕೈಯಲ್ಲಿರುವ ಹಕ್ಕುಗಳ ವಿಚಾರ. ಇವು ಬಹಳ ಬೆಲೆಯುಳ್ಳವು, ಆದರೂ ಬಳಸುವವರು ಕಡಿಮೆ. ಶಿಕ್ಷಕರು 9 ಲಕ್ಷವನ್ನು ತೀರಿಸಿದರೆ ಕರಾರು ಕಾಯ್ದೆಯ 140ನೇ ಕಲಮಿನಂತೆ ಅವರು ಬ್ಯಾಂಕಿನ ಜಾಗದಲ್ಲಿ ಬಂದು ನಿಲ್ಲುತ್ತಾರೆ. ರೀಲರ್ ಬ್ಯಾಂಕಿಗೆ ಯಾವುದಾದರೂ ಯಂತ್ರವನ್ನೋ ನಿವೇಶನವನ್ನೋ ಭದ್ರತೆಯಾಗಿ ಕೊಟ್ಟಿದ್ದರೆ 141ನೇ ಕಲಮಿನ ಪ್ರಕಾರ ಅದರ ಲಾಭ ಶಿಕ್ಷಕರಿಗೆ ಸಲ್ಲಬೇಕು. ಅವರ ಒಪ್ಪಿಗೆಯಿಲ್ಲದೆ ಬ್ಯಾಂಕು ಆ ಭದ್ರತೆಯನ್ನು ಬಿಟ್ಟುಕೊಟ್ಟಿದ್ದರೆ, ಅದರ ಬೆಲೆಯಷ್ಟು ಅವರ ಹೊಣೆ ಕಡಿಮೆಯಾಗುತ್ತದೆ. ತೀರಿಸಿದ ಹಣವನ್ನು ರೀಲರ್‌ನಿಂದ ಕೇಳುವ ಹಕ್ಕು 145ನೇ ಕಲಮಿನಲ್ಲಿದೆ, ಇನ್ನೊಬ್ಬ ಜಾಮೀನುದಾರರಿಂದ ಸಮಪಾಲು ಕೇಳುವ ಹಕ್ಕು 146ನೇ ಕಲಮಿನಲ್ಲಿದೆ. ರೀಲರ್ ದಿವಾಳಿಯಾಗಿದ್ದರೆ ಅವರ ಮೇಲೆ ದಾವೆ ಹೂಡುವ ಬದಲು, ಹಣ ಕಟ್ಟಿದ ರಸೀದಿಗಳೊಂದಿಗೆ ರಿಸೀವರ್ ಮುಂದೆ ತನ್ನ ಬಾಕಿಯನ್ನು ಸಾಬೀತುಪಡಿಸಬೇಕು. ಆಸ್ತಿ ಮಾರಿದ ಹಣದಲ್ಲಿ ರೂಪಾಯಿಗೆ ಇಪ್ಪತ್ತು ಪೈಸೆಯಂತೆ ಹಂಚಿಕೆಯಾಯಿತೆನ್ನಿ, 1,80,000 ರೂಪಾಯಿ ಬರುತ್ತದೆ. ಉಳಿದ 7,20,000ದಲ್ಲಿ ಅರ್ಧವನ್ನು, ಅಂದರೆ 3,60,000 ರೂಪಾಯಿಯನ್ನು, ಮಾರುಕಟ್ಟೆಯ ಸ್ನೇಹಿತರು ಕೊಡಬೇಕಾಗುತ್ತದೆ. ಈ ದಾವೆಗಳಿಗೆ ಕಾಲಮಿತಿ ಮೂರು ವರ್ಷ. ಸಾಲಗಾರರ ಮೇಲಿನದು ಜಾಮೀನುದಾರರು ಹಣ ಕಟ್ಟಿದ ದಿನದಿಂದ, ಸಹಜಾಮೀನುದಾರರ ಮೇಲಿನದು ತನ್ನ ಪಾಲನ್ನು ಮೀರಿ ಕಟ್ಟಿದ ದಿನದಿಂದ ಎಣಿಕೆಯಾಗುತ್ತದೆ. ನೆಂಟಸ್ತಿಕೆಯ ದಾಕ್ಷಿಣ್ಯದಲ್ಲಿ ಈ ಮೂರು ವರ್ಷಗಳನ್ನು ಕಳೆದುಕೊಂಡವರು ಬಹಳ ಮಂದಿ.

ಹೀಗಿರುವುದರಿಂದ ಹಣ ಕಟ್ಟುವಾಗ ನಗದು ಕೊಡದೆ ತನ್ನದೇ ಖಾತೆಯಿಂದ ಕಟ್ಟಿ, ‘ಜಾಮೀನುದಾರನಾಗಿ, ಇಂಥ ಸಾಲದ ಖಾತೆಗೆ’ ಎಂದು ಬರೆಸಿದ ರಸೀದಿಯನ್ನು ಪಡೆಯಿರಿ. ಬ್ಯಾಂಕಿನಲ್ಲಿ ಯಾವ ಯಾವ ಭದ್ರತೆಗಳಿವೆ, ಇತರ ಜಾಮೀನುದಾರರು ಯಾರು, ಬೆಳೆ ವಿಮೆ ಅಥವಾ ಸರಕಿನ ವಿಮೆಯ ಹಣ ಬಂದಿದೆಯೇ ಎಂಬುದನ್ನು ಲಿಖಿತವಾಗಿ ಕೇಳಿ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು ಮತ್ತು ಸಂಜೆ 7ರ ನಂತರ ಸಾಲಗಾರರಿಗಾಗಲಿ ಜಾಮೀನುದಾರರಿಗಾಗಲಿ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಸೂಚಿಸಿದೆ. ಖಾಲಿ ಚೆಕ್ ಕೊಟ್ಟಿರುವ ಜಾಮೀನುದಾರರು ಹೆಚ್ಚು ಎಚ್ಚರದಿಂದಿರಬೇಕು: ಜಾಮೀನಿನ ಹೊಣೆಗಾಗಿ ಕೊಟ್ಟ ಚೆಕ್ ಮರಳಿದರೂ ಪ್ರಕರಣ ದಾಖಲಾಗಬಹುದೆಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿದೆ. ಅದು ಕ್ರಿಮಿನಲ್ ಪ್ರಕರಣ, ಸಾಲಗಾರರ ದಿವಾಳಿ ಅರ್ಜಿ ಅದನ್ನು ತಡೆಯುವುದಿಲ್ಲ.

ಗಂಡ ಹೆಂಡತಿಯ ನಡುವೆ

ಗಂಡನ ಸಾಲ ಮದುವೆಯ ಕಾರಣದಿಂದಲೇ ಹೆಂಡತಿಯ ಸಾಲವಾಗುವುದಿಲ್ಲ. ಆಕೆ ಸಹಿ ಹಾಕಿಲ್ಲದಿದ್ದರೆ ಆಕೆಯ ಸಂಬಳ, ತವರಿನಿಂದ ಬಂದ ಒಡವೆ, ಆಕೆಯ ಸ್ವಂತ ಹೆಸರಿನ ಆಸ್ತಿ ಗಂಡನ ದಿವಾಳಿಯಲ್ಲಿ ಸೇರುವುದಿಲ್ಲ. ಆಕೆ ಸಹಸಾಲಗಾರರಾಗಿರುವ ಮನೆ ಸಾಲದಲ್ಲಿ ಮಾತ್ರ, ಗಂಡ ದಿವಾಳಿಯಾದ ಮರುತಿಂಗಳಿನಿಂದ ಪೂರ್ತಿ ಕಂತು ಆಕೆಯ ಹೆಗಲಿಗೆ ಬರುತ್ತದೆ. ಮನೆ ಜಂಟಿ ಹೆಸರಿನಲ್ಲಿದ್ದರೆ ಗಂಡನ ಪಾಲು ರಿಸೀವರ್ ವಶಕ್ಕೆ ಹೋಗುತ್ತದೆ, ಆಕೆಯ ಪಾಲು ಆಕೆಯದಾಗಿಯೇ ಉಳಿಯುತ್ತದೆ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲನ್ನು ಹೊರಗಿನವರು ಕೊಂಡು ವಿಭಾಗ ಕೇಳಿದರೆ, ಆ ಪಾಲನ್ನು ನ್ಯಾಯಾಲಯ ಕಟ್ಟಿದ ಬೆಲೆಗೆ ಕೊಳ್ಳುವ ಅವಕಾಶವನ್ನು 1893ರ ವಿಭಾಗ ಕಾಯ್ದೆಯ 4ನೇ ಕಲಮು ಮನೆಯವರಿಗೆ ಕೊಡುತ್ತದೆ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿರುವ ನಮ್ಮ ಕಡೆಯ ಕುಟುಂಬಗಳಿಗೆ ಇದು ದೊಡ್ಡ ಆಸರೆ. ಅಪ್ಪನ ಸಾಲವನ್ನು ಮಗ ತೀರಿಸಲೇಬೇಕೆಂಬ ಹಳೆಯ ಹಿಂದೂ ಧರ್ಮಶಾಸ್ತ್ರದ ಬಾಧ್ಯತೆಯೂ 2005ರ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಾಡಿದ ಸಾಲಗಳಿಗೆ ಉಳಿದಿಲ್ಲ.

ಜಂಟಿ ಬ್ಯಾಂಕ್ ಖಾತೆಯ ವಿಷಯದಲ್ಲಿ ಮುಂಚಿತವಾಗಿ ಯೋಚಿಸಬೇಕು. ಖಾತೆದಾರರಲ್ಲಿ ಒಬ್ಬರು ದಿವಾಳಿಯಾದ ಸೂಚನೆ ಬಂದಾಗ ಬ್ಯಾಂಕು ಆ ಖಾತೆಯ ವ್ಯವಹಾರವನ್ನು ನಿಲ್ಲಿಸುತ್ತದೆ, ಅದರಲ್ಲಿ ಹೆಂಡತಿಯ ಸಂಬಳವಿದ್ದರೂ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಆಕೆಯ ಸಂಬಳ ಅಥವಾ ಹಾಲಿನ ಡೇರಿಯ ಹಣ ಆಕೆಯೊಬ್ಬಳದೇ ಖಾತೆಗೆ ಬರುವಂತೆ ಮೊದಲೇ ಮಾಡಿಕೊಳ್ಳಿ, ಜಂಟಿ ಖಾತೆಯಲ್ಲಿ ಯಾರ ಹಣ ಎಷ್ಟೆಂಬುದಕ್ಕೆ ಪಾಸ್‌ಬುಕ್ಕಿನ ದಾಖಲೆ ಇಟ್ಟುಕೊಳ್ಳಿ. ಜಂಟಿ ಖಾತೆಯ ಚೆಕ್ಕಿಗೆ ಗಂಡನೊಬ್ಬನೇ ಸಹಿ ಹಾಕಿ ಅದು ಮರಳಿದ್ದರೆ, ಸಹಿ ಹಾಕದ ಹೆಂಡತಿಯ ಮೇಲೆ ಚೆಕ್ ಬೌನ್ಸ್ ಪ್ರಕರಣ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಅಪರ್ಣಾ ಶಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತಿಲ್ಲ ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮಿನಲ್ಲಿದೆ. ಗಂಡ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿಯಲ್ಲಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದ ಜೀವ ವಿಮೆ ಇದ್ದರೆ, ಸಾಲ ಕೊಟ್ಟವರನ್ನು ವಂಚಿಸಲೆಂದೇ ಕಂತು ಕಟ್ಟಿದ್ದಲ್ಲವಾದರೆ, ಅದು ಸಾಲಕ್ಕೆ ಸಿಗುವುದಿಲ್ಲ.

ಮಾಡಬಾರದ ಎರಡು ಕೆಲಸ

ಸೋಲು ಖಚಿತವಾದಾಗ ಮನೆಯವರೆಲ್ಲ ಕೂತು ಆಸ್ತಿಯನ್ನು ಹೆಂಡತಿಗೋ ತಮ್ಮನಿಗೋ ದಾನಪತ್ರ ಮಾಡಿಬಿಡೋಣ ಎಂದು ಮಾತಾಡಿಕೊಳ್ಳುತ್ತಾರೆ. ವರ್ಗಾವಣೆಯಾದ ಎರಡು ವರ್ಷಗಳೊಳಗೆ ದಿವಾಳಿ ಅರ್ಜಿ ಬಂದು ಘೋಷಣೆಯಾದರೆ, ಸರಿಯಾದ ಬೆಲೆ ಕೊಟ್ಟು ಪ್ರಾಮಾಣಿಕವಾಗಿ ಕೊಂಡವರದನ್ನು ಮತ್ತು ಮದುವೆಗೆ ಮುಂಚೆ ಮದುವೆಯ ಸಲುವಾಗಿ ಮಾಡಿದ್ದನ್ನು ಬಿಟ್ಟು, ಅಂಥ ವರ್ಗಾವಣೆಯನ್ನು 1920ರ ಕಾಯ್ದೆಯ 53ನೇ ಕಲಮಿನಂತೆ ರದ್ದುಪಡಿಸಬಹುದು. ಆಸ್ತಿ ಹೇಗೂ ಉಳಿಯುವುದಿಲ್ಲ, ಋಣಮುಕ್ತಿ ಕೇಳುವಾಗ ಆ ದಾನಪತ್ರವೇ ಅಡ್ಡ ಬರುತ್ತದೆ.

ಎರಡನೆಯದು ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪು. ‘ನನ್ನಿಂದ ಭಾವನಿಗೆ ತೊಂದರೆಯಾಗಬಾರದು’ ಎಂದು ರೀಲರ್ ಇದ್ದಬದ್ದ ಹಣವನ್ನೆಲ್ಲ ಜಾಮೀನಿರುವ ಸಾಲಕ್ಕೋ, ಹತ್ತಿರದವರ ಕೈಸಾಲಕ್ಕೋ ಕಟ್ಟಿ, ಮುಂದಿನ ತಿಂಗಳು ಅರ್ಜಿ ಹಾಕುತ್ತಾರೆ. ಒಬ್ಬರಿಗೆ ಉಳಿದವರಿಗಿಂತ ಹೆಚ್ಚು ಅನುಕೂಲ ಮಾಡಿಕೊಡುವ ಉದ್ದೇಶದಿಂದ ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಮಾಡಿದ ಪಾವತಿಯನ್ನು 54ನೇ ಕಲಮು ಅಸಿಂಧುವೆಂದು ಪರಿಗಣಿಸುತ್ತದೆ. ಆ ಹಣವನ್ನು ರಿಸೀವರ್ ವಾಪಸು ಪಡೆದರೆ, ತೀರಿತೆಂದುಕೊಂಡಿದ್ದ ಸಾಲ ಮತ್ತೆ ತಲೆಯೆತ್ತುತ್ತದೆ, ಭಾವನವರಿಗೆ ಎರಡನೇ ಸಲ ನೋಟೀಸು ಬರುತ್ತದೆ. ಜಾಮೀನುದಾರರನ್ನು ಉಳಿಸುವ ಆಸೆ ನಿಜವಾಗಿದ್ದರೆ, ಕೈಯಲ್ಲಿ ಸ್ವಲ್ಪವಾದರೂ ಹಣವಿರುವಾಗ, ಸೋಲಿನ ಅಂಚಿಗೆ ಬರುವ ಬಹಳ ಮುಂಚೆಯೇ ಆ ಕೆಲಸ ಮಾಡಬೇಕು.

ಇದಕ್ಕೆ ಸೇರಿದ ಇನ್ನೊಂದು ಎಚ್ಚರಿಕೆ: ಋಣಮುಕ್ತಿ ಸಿಗದ ದಿವಾಳಿದಾರರು ತಮ್ಮ ಸ್ಥಿತಿಯನ್ನು ತಿಳಿಸದೆ 50 ರೂಪಾಯಿ ಅಥವಾ ಹೆಚ್ಚಿನ ಸಾಲ ಪಡೆದರೆ ಅದು ಆರು ತಿಂಗಳವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಈ ಕಾರಣಕ್ಕೆ ಹೆಂಡತಿಯ ಅಥವಾ ಮಗನ ಹೆಸರಿನಲ್ಲಿ ಹೊಸ ಸಾಲ ತೆಗೆಯುವವರಿದ್ದಾರೆ. ಹಾಗೆ ಮಾಡಿದರೆ ಅದುವರೆಗೆ ಸುರಕ್ಷಿತವಾಗಿದ್ದವರೂ ಸಾಲದೊಳಗೆ ಬಂದಂತಾಗುತ್ತದೆ.

ಸಂಘ, ಚೀಟಿ, ಕಂಪನಿ

ಗುಂಪು ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಎಷ್ಟು ಹೊಣೆ ಎಂಬುದು ಗುಂಪು ಸಹಿ ಹಾಕಿದ ಪತ್ರದ ಮೇಲೆ ನಿಂತಿದೆ. ಗಂಡನ ದಿವಾಳಿ ಹೆಂಡತಿಯ ಸ್ವಸಹಾಯ ಸಂಘದ ಸಾಲಕ್ಕೆ ತಾನಾಗಿಯೇ ಅಂಟುವುದಿಲ್ಲ. ಕಿರುಸಾಲದ ವಸೂಲಿಗಾಗಿ ಮನೆ ಮುಂದೆ ಕೂತು ಹಿಂಸಿಸುವುದರ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ಕ್ರಮಗಳಿಗೆ ಹತ್ತು ವರ್ಷದವರೆಗಿನ ಶಿಕ್ಷೆಯನ್ನು ಇಟ್ಟಿತು. ನೋಂದಾಯಿತ ಚೀಟಿಯನ್ನು ಎತ್ತಿಕೊಂಡವರಿಗೆ ಜಾಮೀನು ನಿಂತಿದ್ದರೆ ಉಳಿದ ಕಂತುಗಳಿಗೆ ನೀವು ಹೊಣೆ. ತಕರಾರು 1982ರ ಚಿಟ್ ಫಂಡ್ ಕಾಯ್ದೆಯಂತೆ ಚೀಟಿಗಳ ನಿಬಂಧಕರ ಮುಂದೆ ನಡೆಯುತ್ತದೆ.

ತುಮಕೂರಿನ ವಸಂತನರಸಾಪುರದಲ್ಲೋ ಕೋಲಾರದ ನರಸಾಪುರದಲ್ಲೋ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುವವರು ಕಂಪನಿಯ ಸಾಲಕ್ಕೆ ಸ್ವಂತ ಜಾಮೀನು ಕೊಟ್ಟಿದ್ದರೆ, ಅವರಿಗೆ 2016ರ ಸಂಹಿತೆ ಅನ್ವಯಿಸುತ್ತದೆ. ಅವರ ಪ್ರಕರಣ ನಡೆಯುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ. ಕಂಪನಿಯ ಪುನರುಜ್ಜೀವನ ಯೋಜನೆಗೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಜಾಮೀನು ಕೊಟ್ಟ ನಿರ್ದೇಶಕರು ಬಿಡುಗಡೆಯಾಗುವುದಿಲ್ಲ ಎಂದು 2021ರ ಮೇ ತಿಂಗಳಿನಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಅರ್ಜಿಗೆ ಮುಂಚೆ ಎಲ್ಲರೂ ಒಟ್ಟಿಗೆ ಕೂರಿರಿ

ದಿವಾಳಿ ಅರ್ಜಿ ಕೊನೆಯ ದಾರಿ. ಅದಕ್ಕೆ ಮುಂಚೆ ಸಾಲಗಾರರು ಜಾಮೀನುದಾರರನ್ನು ಕರೆದು ಲೆಕ್ಕವನ್ನು ಬಿಚ್ಚಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾಚಿಕೆಯಿಂದ ಮುಚ್ಚಿಟ್ಟ ಆರು ತಿಂಗಳಲ್ಲಿ ಬಡ್ಡಿ ಬೆಳೆಯುತ್ತದೆ, 90 ದಿನ ಕಂತು ಕಟ್ಟದಿದ್ದರೆ ಖಾತೆ ಅನುತ್ಪಾದಕವೆಂದು ದಾಖಲಾಗುತ್ತದೆ, ಆ ಕಲೆ ಜಾಮೀನುದಾರರ ಸಿಬಿಲ್ ವರದಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಬ್ಯಾಂಕಿನೊಂದಿಗೆ ಒಮ್ಮೆಗೇ ತೀರಿಸುವ ಒಟಿಎಸ್ ಮಾತುಕತೆಗೆ ಸಾಲಗಾರರು ಮತ್ತು ಜಾಮೀನುದಾರರು ಒಟ್ಟಿಗೆ ಹೋಗಬೇಕು. ಒಪ್ಪಂದದ ಪತ್ರದಲ್ಲಿ ‘ಈ ಮೊತ್ತ ಕಟ್ಟಿದ ಮೇಲೆ ಸಾಲಗಾರರೂ ಎಲ್ಲ ಜಾಮೀನುದಾರರೂ ಬಿಡುಗಡೆಯಾಗುತ್ತಾರೆ’ ಎಂಬ ವಾಕ್ಯ ಇರಲೇಬೇಕು. ಆ ವಾಕ್ಯವಿಲ್ಲದ ಒಪ್ಪಂದಕ್ಕೆ ಜಾಮೀನುದಾರರು ಹಣ ಸೇರಿಸಬಾರದು.

ಮಾತುಕತೆ ಬ್ಯಾಂಕಿನಲ್ಲಿ ಮುಗಿಯದಿದ್ದರೆ ಲೋಕ ಅದಾಲತ್ ಇದೆ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100. ಮನೆ ಸಾಲದಲ್ಲಿ ಸಹಿ ಹಾಕಿರುವ ಹೆಂಡತಿ ಗಂಡನ ವಕೀಲರನ್ನೇ ನೆಚ್ಚದೆ ಇಲ್ಲಿ ತನಗೊಬ್ಬ ಬೇರೆ ವಕೀಲರನ್ನು ಕೇಳುವುದು ಮೇಲು, ಏಕೆಂದರೆ ದಿವಾಳಿಯ ಹಂತದಲ್ಲಿ ಅವರಿಬ್ಬರ ಹಿತ ಒಂದೇ ಆಗಿರುವುದಿಲ್ಲ.

ಸಾಲ ಯಾವ ದಾರಿಯಿಂದ ಮುಗಿದರೂ, ಮುಗಿದ ಮೇಲೆ ಜಾಮೀನುದಾರರು ತಮ್ಮ ಹೆಸರಿಗೇ ‘ಬಾಕಿ ಇಲ್ಲ’ ಪತ್ರವನ್ನು ಬ್ಯಾಂಕಿನಿಂದ ಬರೆಸಿಕೊಳ್ಳಬೇಕು. ಜಾಮೀನು ಪತ್ರ, ಖಾಲಿ ಚೆಕ್ಕುಗಳು ಮತ್ತು ಅಡಮಾನವಿಟ್ಟ ಮೂಲ ದಾಖಲೆಗಳನ್ನು ಪಟ್ಟಿ ಹಿಡಿದು ವಾಪಸು ಪಡೆಯಬೇಕು. ಜಮೀನು ಕೊಟ್ಟಿದ್ದರೆ ಪಹಣಿಯ ಋಣಗಳ ಕಾಲಂನಲ್ಲಿ ಆ ಸಾಲ ಅಳಿಸಿದೆಯೇ ಎಂಬುದನ್ನೂ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊಸ ಋಣಭಾರ ಪತ್ರ ತೆಗೆಸಿ ಅದರಲ್ಲಿ ಅಡಮಾನ ತೀರಿದ್ದು ದಾಖಲಾಗಿದೆಯೇ ಎಂಬುದನ್ನೂ ನೋಡಬೇಕು. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಿಬಿಲ್ ವರದಿಯನ್ನು ಎರಡು ಮೂರು ತಿಂಗಳ ನಂತರ ತೆಗೆದು, ಆ ಸಾಲ ಇನ್ನೂ ನಿಮ್ಮ ಹೆಸರಿನಲ್ಲಿ ಬಾಕಿಯೆಂದು ತೋರಿಸುತ್ತಿದ್ದರೆ ಆ ಪತ್ರವನ್ನು ಲಗತ್ತಿಸಿ ತಿದ್ದುಪಡಿಗೆ ಅರ್ಜಿ ಹಾಕಿ.